ಹಂದಿಜ್ವರದ ಗುಪ್ತವಾಹಕಗಳು: ಒಂದು ಚಾರಿತ್ರಿಕ ವಿವೇಚನೆ

ನಮ್ಮ ನಾಡಿನ ಪಶುರೋಗಗಳ ಚರಿತ್ರೆಯಲ್ಲಿ ದನಕರುಗಳ ದೊಡ್ಡರೋಗಕ್ಕೇ ಅಗ್ರಸ್ಥಾನ ಸಂದಿದೆ. ಇದು ಸಹಜವೇ. 1925ರಲ್ಲಿ ಹೆಬ್ಬಾಳದ ಸೀರಂ ಸಂಸ್ಥೆ ಸ್ಥಾಪಿತವಾದುದು ಆ ರೋಗದ ನಿವಾರಣೆಗಾಗಿ. 2011ರಲ್ಲಿ ಅದು ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಹಂದಿಜ್ವರವಾದರೋ ಭಾರತದಲ್ಲಿ ಇಂದಿಗೂ ಉಳಿದಿದೆ. ಎರಡೂ ವೈರಸ್ಸಿನಿಂದ ಬರುವ ರೋಗಗಳು, ಎರಡಕ್ಕೂ ಲಸಿಕೆಯುಂಟು. ಹೀಗಿರಲು ಒಂದು ಅಳಿದು ಇನ್ನೊಂದು ಉಳಿದುದೇಕೆ?

ಅಮೆರಿಕದ ಓಹಾಯೋ ಸೀಮೆಯಲ್ಲಿ 1833ರಷ್ಟು ಹಿಂದೆಯೇ ಈ ಜ್ವರದ ಉಲ್ಲೇಖ ದೊರೆಯುತ್ತದೆ. 1885ರಲ್ಲಿ ಸಾಲ್ಮನ್ ಮತ್ತು ಸ್ಮಿತ್ ಎಂಬ ವಿದ್ವಾಂಸರು ಒಂದು ಬ್ಯಾಕ್ಟೀರಿಯವೇ ಇದರ ಕಾರಣವೆಂದು ಸಾರಿದರು. 1903ರಲ್ಲಿ ಡಿ ಶ್ವೈನಿಟ್ಜ್ ಮತ್ತು ಡಾರ್ಸೆಟ್ ಅವರು ರೋಗಿಷ್ಠ ಹಂದಿಯ ರಕ್ತದ್ರವವನ್ನು ಬ್ಯಾಕ್ಟೀರಿಯ ನುಸುಳಲಾರದ ಶೋಧಕದಲ್ಲಿ ಸೋಸಿ, ಆ ಸೋಸಿದ ದ್ರವವೂ ರೋಗವನ್ನು ತರುವುದೆಂದು ತೋರಿಸಿದರು. ತಪ್ಪು ತೀರ್ಮಾನದ ಆ ಬ್ಯಾಕ್ಟೀರಿಯ ಮಾತ್ರ ಸಾಲ್ಮೊನೆಲ್ಲ ಎಂಬ ಹೆಸರಿನಿಂದ ಕೀರ್ತಿಶಾಲಿಯಾಗಿದೆ!

ಆದರೂ ಒಂದು ಒಗಟು ಉಳಿಯಿತು. ಹಟ್ಟಿಯೆಲ್ಲ ಸತ್ತು ಬರಿದಾದ ಮೇಲೆ, ತಿಂಗಳುಗಟ್ಟಲೆ ಸುಳಿವಿಲ್ಲದ ರೋಗ ಮತ್ತೆ ಎಲ್ಲಿಂದ ಬರುತ್ತಿತ್ತು? ದೊಡ್ಡರೋಗದಿಂದ ಬದುಕುಳಿದ ದನವು ಬಾಳಿನುದ್ದಕ್ಕೂ ರಕ್ಷಿತವಾಗುತ್ತಿತ್ತು, ವೈರಸ್ಸನ್ನು ಒಡಲಲ್ಲಿಟ್ಟುಕೊಳ್ಳುತ್ತಿರಲಿಲ್ಲ. ಹಂದಿಯ ಸಂಗತಿ ಬೇರೆ. 1977ರಲ್ಲಿ ಡಚ್ ವಿಜ್ಞಾನಿಗಳಾದ ವಾನ್ ಓರ್‌ಸ್ಖೋಟ್ ಮತ್ತು ಟರ್ಪ್‌ಸ್ಟ್ರಾ ಅವರು ಗರ್ಭದಲ್ಲಿಯೇ ತಗಲಿ ನೆಲೆಯೂರುವ ಸೋಂಕನ್ನು ವಿವರಿಸಿದರು. ಗಬ್ಬದ ಹಂದಿಗೆ ಸೌಮ್ಯವಾದ ಸೋಂಕು ತಗಲಿದರೆ ತಾಯಿಯಲ್ಲಿ ಲಕ್ಷಣವೇ ತೋರದಿರಬಹುದು. ಆದರೆ ರೋಗನಿರೋಧಶಕ್ತಿ ಇನ್ನೂ ರೂಪುಗೊಳ್ಳದ ಭ್ರೂಣವು ವೈರಸ್ಸನ್ನು ತನ್ನದೆಂದೇ ಸ್ವೀಕರಿಸುತ್ತದೆ. ಹುಟ್ಟಿದ ಮರಿ ನೋಡಲು ಆರೋಗ್ಯವಾಗಿದ್ದು, ತಿಂಗಳುಗಳ ಕಾಲ ಮೂಗಿನ ಸ್ರಾವ, ಮಲ, ಮೂತ್ರಗಳ ಮೂಲಕ ರೋಗವನ್ನು ಹರಡಿ, ಕಡೆಗೆ ತಾನೂ ಸಾಯುತ್ತದೆ.

ಈ ಬೆಳಕಿನಲ್ಲಿ ಬೈಲಹೊಂಗಲದಂತಹ ಊರುಗಳನ್ನು ನೋಡಬೇಕು. 1956ರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯಕ್ಕೆ ಸೇರಿದ್ದಿತು; ಹೆಬ್ಬಾಳ ಮೈಸೂರಿನದು. ಆದರೆ ಎತ್ತಿನ ಬೇನೆಗೆ ಎರಡೂ ಕಡೆ ಸರಕಾರಗಳು ತೋರಿದ ಕಾಳಜಿ ಕೊರಮರು, ಹಂದಿಜೋಗಿಗಳು ಸಾಕುವ ಹಂದಿಗೆ ದೊರೆಯಲಿಲ್ಲವೆಂದೇ ನಮ್ಮ ಅಭಿಪ್ರಾಯ. ಉಳುವ ಎತ್ತು ಕಂದಾಯದ ಬೇರು; ಹಂದಿ ಬಡವನ ಗಂಟು. ದೊಡ್ಡಿಯಿಲ್ಲದೆ ಅಲೆಯುವ ಈ ಹಂದಿಗಳು ಒಂದನ್ನೊಂದು ಮೂಸುತ್ತವೆ, ಎಂಜಲಿನೊಡನೆ ಹಸಿಮಾಂಸದ ಚೂರುಗಳನ್ನೂ ತಿನ್ನುತ್ತವೆ. ಈ ಎರಡು ಮಾರ್ಗಗಳೂ ರೋಗಕ್ಕೆ ಅನುಕೂಲ.

ಅಮೆರಿಕವು 1962ರಿಂದ ಸೋಂಕಿನ ಹಿಂಡುಗಳನ್ನು ಕೊಂದು, ಒಡೆಯರಿಗೆ ಪರಿಹಾರವಿತ್ತು 1978ರಲ್ಲಿ ರೋಗಮುಕ್ತವಾಯಿತು. ಪರಿಹಾರದ ಭರವಸೆಯಿಲ್ಲದೆಡೆ ಒಡೆಯನು ಮಾಡುವುದು ಬೇರೆ: ಒಂದು ಹಂದಿ ಸತ್ತೊಡನೆ ಚೆನ್ನಾಗಿ ಕಾಣುವ ಮರಿಗಳನ್ನು ಮಾರಿಬಿಡುತ್ತಾನೆ. ಮೊಲದಲ್ಲಿ ಬೆಳೆಸುತ್ತಿದ್ದ ಹಳೆಯ ಲಸಿಕೆ ಒಂದು ಮೊಲಕ್ಕೆ ಸುಮಾರು 50 ಡೋಸು ಮಾತ್ರ ದೊರೆಯುತ್ತಿತ್ತು. 2020ರಲ್ಲಿ ಭಾರತೀಯ ಪಶುವೈದ್ಯ ಸಂಶೋಧನ ಸಂಸ್ಥೆಯು ಜೀವಕೋಶಗಳಲ್ಲಿ ಬೆಳೆಸಿದ ಲಸಿಕೆಯನ್ನು ಹೊರತಂದಿತು. ಗರ್ಭದಲ್ಲಿಯೇ ಸೋಂಕು ತಗಲಿದ ಮರಿಗೆ ಯಾವ ಲಸಿಕೆಯೂ ಫಲಿಸದು. ಅದರ ತಾಯಿಗೆ ಗಬ್ಬವಾಗುವ ಮುನ್ನವೇ ಹಾಕಿಸಬೇಕು.