ಮಾಧ್ಯಮಿಕ ಶಾಲೆಗಳಲ್ಲಿ ಪ್ರಪಂಚ ಚರಿತ್ರೆಯ ಬೋಧನೆ ಮತ್ತು ದೃಶ್ಯ-ಶ್ರವ್ಯ ಸಾಧನಗಳು

ಹನ್ನೊಂದರಿಂದ ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಪ್ರಪಂಚದ ಚರಿತ್ರೆಯನ್ನು ಬೋಧಿಸುವ ಉಪಾಧ್ಯಾಯರ ಕಷ್ಟ ಎರಡು ಬಗೆಯದು. ಮಕ್ಕಳು ಕಾಣದ ದೇಶಗಳನ್ನು ಅವರ ಕಣ್ಣಿಗೆ ಕಟ್ಟುವಂತೆ ಮಾಡಬೇಕು. ಅಲ್ಲದೆ ಒಂದಕ್ಕೊಂದು ಬಹು ದೂರವೆಂದು ತೋರುವ ಘಟನೆಗಳ ನಡುವಣ ಸಂಬಂಧವನ್ನು ಅವರು ತಾವಾಗಿಯೇ ಗ್ರಹಿಸುವಂತೆ ಮಾಡಬೇಕು. ಹಂಪೆಯನ್ನೋ ಬೇಲೂರನ್ನೋ ಕಂಡ ಮಗುವಿಗೆ ವಿಜಯನಗರ, ಹೊಯ್ಸಳ ಎಂಬ ಹೆಸರುಗಳ ಹಿಂದೆ ಕಣ್ಣಾರೆ ಕಂಡ ಕಲ್ಲಿನ ಆಧಾರವೊಂದು ಇರುತ್ತದೆ. ನೈಲ್ ನದಿ, ಅಥೆನ್ಸ್ ನಗರ, ಚೀನಾದ ಮಹಾಗೋಡೆ ಎಂಬ ಹೆಸರುಗಳಿಗೆ ಅಂಥ ಆಧಾರವಿಲ್ಲ. ಈ ಕೊರತೆಯನ್ನು ತುಂಬಲೆಂದೇ ಚಿತ್ರ, ಭೂಪಟ, ಮ್ಯಾಜಿಕ್ ಲ್ಯಾಂಟರ್ನ್, ಚಲಚ್ಚಿತ್ರ, ರೇಡಿಯೋ, ದೂರದರ್ಶನ, ಗಣಕಯಂತ್ರಗಳು ಒಂದರ ಹಿಂದೊಂದು ತರಗತಿಯನ್ನು ಪ್ರವೇಶಿಸಿದವು. ಇವುಗಳಿಂದ ಮೊದಲನೆಯ ಕಷ್ಟ ಬಹುಮಟ್ಟಿಗೆ ಪರಿಹಾರವಾಗಿದೆ. ಎರಡನೆಯದು ಪರಿಹಾರವಾಗಿದೆಯೆ ಎಂಬುದೇ ನಾವು ಇಲ್ಲಿ ವಿವೇಚಿಸಬೇಕೆಂದಿರುವ ವಿಷಯ. ನಮ್ಮ ಅಭಿಪ್ರಾಯದಲ್ಲಿ, ತರಗತಿಗೆ ಬರುವ ಪ್ರತಿಯೊಂದು ಚಿತ್ರವೂ ಸ್ವತಃ ಒಂದು ಐತಿಹಾಸಿಕ ದಾಖಲೆ. ಅದನ್ನು ದಾಖಲೆಯಂತೆ ಪರೀಕ್ಷಿಸುವುದನ್ನು ಮಕ್ಕಳಿಗೆ ಕಲಿಸಿದಾಗ ಮಾತ್ರ ಅದು ಚರಿತ್ರೆಯನ್ನು ಬೋಧಿಸುತ್ತದೆ.

ಪಾಠದಲ್ಲಿ ಚಿತ್ರಕ್ಕೆ ಶಾಸ್ತ್ರೀಯವಾದ ಸ್ಥಾನವನ್ನು ಕಲ್ಪಿಸಿದವರಲ್ಲಿ ಕೊಮೇನಿಯಸ್ ಪ್ರಮುಖನು. ಲ್ಯಾಟಿನ್ ಮತ್ತು ಜರ್ಮನ್ ಭಾಷೆಗಳಲ್ಲಿ ರಚಿತವಾದ ಇವನ ಸಚಿತ್ರ ಪಠ್ಯಪುಸ್ತಕವು ನ್ಯೂರೆಂಬರ್ಗಿನಲ್ಲಿ ೧೬೫೮ರಲ್ಲಿ ಪ್ರಕಟವಾಯಿತು. ಅದರ ಚಿತ್ರಗಳಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ಅಂಕೆಯಿದ್ದು, ಅದೇ ಅಂಕೆಯನ್ನು ಪಾಠದ ಪದಕ್ಕೂ ಕೊಡಲಾಗಿತ್ತು. ಮಗು ಚಿತ್ರದಿಂದ ಪದಕ್ಕೆ, ಪದದಿಂದ ಚಿತ್ರಕ್ಕೆ ಹೋಗಿಬರಬೇಕಾಗಿತ್ತು. ನೋಡುವುದೂ ಒಂದು ಶ್ರಮ, ಅದಕ್ಕೂ ಒಂದು ಕ್ರಮ ಬೇಕು ಎಂಬ ತತ್ತ್ವವು ಈ ಸರಳವಾದ ಏರ್ಪಾಡಿನಲ್ಲಿ ಅಡಗಿದೆ. ಮುಂದೆ ಬಂದ ಯಂತ್ರಗಳ ಉತ್ಸಾಹದಲ್ಲಿ ಅನೇಕರು ಮರೆತದ್ದು ಈ ತತ್ತ್ವವನ್ನೇ.

ಮ್ಯಾಜಿಕ್ ಲ್ಯಾಂಟರ್ನ್ ಹದಿನೇಳನೆಯ ಶತಮಾನದ್ದೇ ಆದರೂ ಶಾಲೆಗಳಲ್ಲಿ ಅದರ ಬಳಕೆ ಹೆಚ್ಚಿದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಅದರ ಇತಿಹಾಸದಲ್ಲಿ ನಮಗೆ ನೇರವಾಗಿ ಸಂಬಂಧಿಸಿದ ಅಧ್ಯಾಯವೊಂದಿದೆ. ಬ್ರಿಟಿಷ್ ವಸಾಹತು ಇಲಾಖೆಯು ೧೯೦೨ರಲ್ಲಿ ದೃಶ್ಯ ಬೋಧನೆಗಾಗಿ ಒಂದು ಸಮಿತಿಯನ್ನು ನೇಮಿಸಿತು. ಅದರ ಉಪನ್ಯಾಸಗಳನ್ನು ಸಿದ್ಧಪಡಿಸಿದವನು ಪ್ರಸಿದ್ಧ ಭೂಗೋಳಶಾಸ್ತ್ರಜ್ಞನಾದ ಹ್ಯಾಲ್ಫರ್ಡ್ ಮ್ಯಾಕಿಂಡರ್. ಇಂಗ್ಲೆಂಡನ್ನು ಭಾರತದ ವಿದ್ಯಾರ್ಥಿಗಳಿಗೆ ತೋರಿಸುವ ಏಳು ಉಪನ್ಯಾಸಗಳು ೧೯೦೯ರಲ್ಲೂ, ಭಾರತವನ್ನು ಇಂಗ್ಲೆಂಡಿನ ವಿದ್ಯಾರ್ಥಿಗಳಿಗೆ ತೋರಿಸುವ ಎಂಟು ಉಪನ್ಯಾಸಗಳು ೧೯೧೦ರಲ್ಲೂ ಅಚ್ಚಾದವು. ಚಿತ್ರಗಳನ್ನು ಸಂಗ್ರಹಿಸಲು ಹ್ಯೂ ಫಿಷರ್ ಎಂಬ ಕಲಾವಿದನು ೧೯೦೭ರಿಂದ ೧೯೧೦ರವರೆಗೆ ಸಾಮ್ರಾಜ್ಯದ ನಾನಾ ಭಾಗಗಳಲ್ಲಿ ಸಂಚರಿಸಿದನು. ದೇಶದ ಮತ್ತು ಜನರ ಸಹಜ ಲಕ್ಷಣಗಳನ್ನು ಒಂದು ಕಡೆ, ಬ್ರಿಟಿಷ್ ಆಳ್ವಿಕೆಯಿಂದ ಅವುಗಳ ಮೇಲೆ ಬಂದು ಸೇರಿದ ಲಕ್ಷಣಗಳನ್ನು ಇನ್ನೊಂದು ಕಡೆ ತೋರಿಸಬೇಕೆಂಬುದು ಅವನಿಗಿದ್ದ ಸೂಚನೆ. ಹೀಗಿರಲು, ಪರದೆಯ ಮೇಲೆ ಬಿದ್ದ ಬೆಳಕು ನಿಷ್ಪಕ್ಷಪಾತವಾದ ಬೆಳಕಾಗಿರಲು ಸಾಧ್ಯವೆ? ಛಾಯಾಚಿತ್ರಗಳಲ್ಲಿ ಸುಳ್ಳು ಇದ್ದಿತೆಂದು ನಾವು ಹೇಳುವುದಿಲ್ಲ. ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು, ಯಾವುದರ ಪಕ್ಕದಲ್ಲಿ ಯಾವುದನ್ನು ಇಡಬೇಕು ಎಂಬ ನಿರ್ಧಾರಗಳಲ್ಲಿಯೇ ಸಾಮ್ರಾಜ್ಯದ ವಾದವು ಅಡಗಿತ್ತು. ಚಿತ್ರವನ್ನು ಕಂಡ ಬಾಲಕನಿಗೆ ಆ ವಾದವು ವಾದವಾಗಿ ಕಾಣಿಸದೆ ಪ್ರತ್ಯಕ್ಷ ಪ್ರಮಾಣವಾಗಿ ಕಾಣಿಸಿತು.

ಚಲಚ್ಚಿತ್ರವು ಬಂದಾಗ ಉತ್ಸಾಹಕ್ಕೆ ಮಿತಿಯೇ ಇಲ್ಲವಾಯಿತು. ಶಾಲೆಗಳಲ್ಲಿ ಪುಸ್ತಕಗಳು ಬೇಗನೆ ಬಳಕೆ ತಪ್ಪುವುವೆಂದೂ, ಹತ್ತು ವರ್ಷಗಳೊಳಗೆ ಶಿಕ್ಷಣ ಪದ್ಧತಿಯೇ ಪೂರ್ಣವಾಗಿ ಬದಲಾಗುವುದೆಂದೂ ಥಾಮಸ್ ಎಡಿಸನ್ ೧೯೧೩ರಲ್ಲಿ ಭವಿಷ್ಯ ನುಡಿದನು. ಪುಸ್ತಕಗಳು ಹೋಗಲಿಲ್ಲ. ಆದರೆ ಚಲಚ್ಚಿತ್ರದಿಂದ ಪ್ರಯೋಜನವೇ ಇಲ್ಲವೆಂದು ವಾದಿಸುವುದೂ ಸರಿಯಲ್ಲ. ಅಮೆರಿಕೆಯ ಚರಿತ್ರೆಯನ್ನು ಕುರಿತು ಯೇಲ್ ವಿಶ್ವವಿದ್ಯಾನಿಲಯದ ಮುದ್ರಣಾಲಯವು ತಯಾರಿಸಿದ ಚಿತ್ರಗಳನ್ನು ಏಳನೆಯ ತರಗತಿಯ ಮಕ್ಕಳಿಗೆ ತೋರಿಸಿ, ನೋಲ್ಟನ್ ಮತ್ತು ಟಿಲ್ಟನ್ ಎಂಬ ವಿದ್ವಾಂಸರು ಮಾಡಿದ ಪರಿಶೀಲನೆಯು ೧೯೨೯ರಲ್ಲಿ ಪ್ರಕಟವಾಯಿತು. ಚಿತ್ರಗಳನ್ನು ಕಂಡ ಮಕ್ಕಳು ಕಾಣದವರಿಗಿಂತ ಹೆಚ್ಚು ಕಲಿತದ್ದಲ್ಲದೆ, ತರಗತಿಯ ಚರ್ಚೆಯಲ್ಲಿ ಹೆಚ್ಚಾಗಿ ಭಾಗವಹಿಸಿದರು. ತಾವಾಗಿಯೇ ಹೆಚ್ಚು ಪುಸ್ತಕಗಳನ್ನು ಓದಿದರು. ಪುಸ್ತಕವನ್ನು ಕೊಲ್ಲುವುದೆಂದು ಎಣಿಸಿದ ಸಾಧನವು ಮಕ್ಕಳನ್ನು ಪುಸ್ತಕದ ಕಡೆಗೇ ಕಳುಹಿಸಿತು. ಚಿತ್ರವು ಇಲ್ಲಿ ಉಪಾಧ್ಯಾಯರ ಸ್ಥಾನವನ್ನು ಆಕ್ರಮಿಸದೆ ಪಾಠದ ಒಂದು ಅಂಗವಾಗಿತ್ತೆಂಬುದನ್ನು ನಾವು ಗಮನಿಸಬೇಕು.

ರೇಡಿಯೋ ಪಾಠಗಳಲ್ಲಿಯೂ ಇದೇ ಅನುಭವ. ಬ್ರಿಟಿಷ್ ಪ್ರಸಾರ ಸಂಸ್ಥೆಯು ೧೯೨೪ರಲ್ಲಿ ಶಾಲಾ ಕಾರ್ಯಕ್ರಮಗಳನ್ನು ಆರಂಭಿಸಿತು. ಅದೇ ದಶಕದ ಕೊನೆಯಿಂದ ರೋಡಾ ಪವರ್ ಅವರು ಸಂಭಾಷಣೆ, ಹಾಡು, ಬಗೆಬಗೆಯ ಸದ್ದುಗಳನ್ನು ಬೆರೆಸಿ ಮಕ್ಕಳಿಗಾಗಿ ಚರಿತ್ರೆಯ ಪಾಠಗಳನ್ನು ರೂಪಿಸಿದರು. ಮಧ್ಯಯುಗದ ಆರ್ಥಿಕ ಚರಿತ್ರೆಯಲ್ಲಿ ಪ್ರಮಾಣಭೂತರಾದ ಅವರ ಅಕ್ಕ ಐಲೀನ್ ಪವರ್ ಅವರೂ ಈ ಕೆಲಸದಲ್ಲಿ ಕೈಜೋಡಿಸಿದರು. ಸಂಶೋಧಕರೇ ಮಾಧ್ಯಮಿಕ ಶಾಲೆಯ ಮಗುವಿಗಾಗಿ ಶ್ರಮಿಸಿದ ಈ ನಿದರ್ಶನವು ವಿಶ್ವವಿದ್ಯಾನಿಲಯಗಳಲ್ಲಿರುವ ನಮ್ಮೆಲ್ಲರ ಆಲೋಚನೆಗೆ ಅರ್ಹವಾದುದು.

ಇನ್ನು ನಮ್ಮ ನಾಡಿನ ಅನುಭವಕ್ಕೆ ಬರೋಣ. ಅಮೆರಿಕೆಯ ಉಪಗ್ರಹವೊಂದರ ನೆರವಿನಿಂದ ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ದೂರದರ್ಶನ ಪಾಠಗಳನ್ನು ಮುಟ್ಟಿಸಲಾಯಿತು. ಕರ್ನಾಟಕದಲ್ಲಿ ಅಂದಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಇದರಲ್ಲಿ ಸೇರಿದ್ದವು. ಬೆಳಗಿನ ಕಾರ್ಯಕ್ರಮಗಳು ಶಾಲಾ ಮಕ್ಕಳಿಗಾಗಿ ಮೀಸಲಾಗಿದ್ದವು. ಒಂದು ವರ್ಷವಾದೊಡನೆ ಉಪಗ್ರಹವನ್ನು ಹಿಂತೆಗೆದುಕೊಳ್ಳಲಾಯಿತು. ಶಿಕ್ಷಣಕ್ಕೆಂದೇ ಮೀಸಲಾದ ಭಾರತದ ಸ್ವಂತ ಉಪಗ್ರಹ ಎಜುಸ್ಯಾಟ್ ೨೦೦೪ರ ಸೆಪ್ಟೆಂಬರ್ ೨೦ರಂದು ಉಡಾವಣೆಯಾಯಿತು. ಅದರ ಪಾಠಗಳನ್ನು ಮೊದಲು ಪಡೆದವುಗಳಲ್ಲಿ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳೂ ಇದ್ದವು. ಈ ಸಾಧನೆಗಳು ಸಾಮಾನ್ಯವಾದುವಲ್ಲ. ಆದರೆ ದೂರದಿಂದ ಬರುವ ಪಾಠವು ಒಮ್ಮುಖವಾದುದು. ಪೆಟ್ಟಿಗೆಯು ಮಾತನಾಡುತ್ತದೆ, ಮಗುವಿನ ಪ್ರಶ್ನೆ ಅದಕ್ಕೆ ಕೇಳಿಸುವುದಿಲ್ಲ. ಆ ಪ್ರಶ್ನೆಯನ್ನು ಕೇಳಿಸಿಕೊಳ್ಳಬೇಕಾದವರು ತರಗತಿಯಲ್ಲಿರುವ ಉಪಾಧ್ಯಾಯರು.

ಇಲ್ಲಿ ಒಂದು ನಿದರ್ಶನವನ್ನು ವಿಸ್ತಾರವಾಗಿ ಪರಿಶೀಲಿಸುವುದು ಉಚಿತ. ಈಜಿಪ್ಟಿನ ನಾಗರಿಕತೆಯ ಪಾಠದಲ್ಲಿ ರೊಸೆಟ್ಟಾ ಶಿಲೆಯ ಚಿತ್ರವನ್ನು ತೋರಿಸುವುದು ವಾಡಿಕೆ. ಇಂದು ಪರದೆಯ ಮೇಲೆ ಅದರ ಒಂದೊಂದು ಅಕ್ಷರವನ್ನೂ ದೊಡ್ಡದಾಗಿ ಕಾಣಬಹುದು. ಕ್ರಿ.ಪೂ. ೧೯೬ರ ರಾಜಶಾಸನವೊಂದು ಅದರಲ್ಲಿ ಚಿತ್ರಲಿಪಿ, ಜನಬಳಕೆಯ ಡೆಮೋಟಿಕ್ ಲಿಪಿ, ಗ್ರೀಕ್ ಲಿಪಿ ಹೀಗೆ ಮೂರು ಲಿಪಿಗಳಲ್ಲಿ ಕೆತ್ತಲ್ಪಟ್ಟಿದೆ. ಅದರ ನೆರವಿನಿಂದ ೧೮೨೨ರಲ್ಲಿ ಶಾಂಪೋಲಿಯನ್ ಚಿತ್ರಲಿಪಿಯ ರಹಸ್ಯವನ್ನು ಬಿಡಿಸಿದನು. ಸಾಮಾನ್ಯವಾಗಿ ಪಾಠವು ಇಲ್ಲಿಗೆ ಮುಗಿಯುತ್ತದೆ. ಆದರೆ ಉಪಾಧ್ಯಾಯರು ಇನ್ನೆರಡು ಪ್ರಶ್ನೆಗಳನ್ನು ಹಾಕಲಿ: ಈ ಶಿಲೆ ಈಗ ಎಲ್ಲಿದೆ? ಅಲ್ಲಿಗೆ ಹೇಗೆ ಹೋಯಿತು?

ಶಿಲೆಯು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ೧೭೯೯ರ ಜುಲೈ ತಿಂಗಳಲ್ಲಿ ಅದನ್ನು ಕಂಡುಹಿಡಿದವರು ನೆಪೋಲಿಯನ್ನನ ಸೈನಿಕರು. ಫ್ರೆಂಚ್ ಸೇನೆಯು ಈಜಿಪ್ಟಿನಲ್ಲಿ ಇಳಿದದ್ದು ೧೭೯೮ರಲ್ಲಿ. ಭಾರತದೊಡನೆ ಬ್ರಿಟಿಷರಿಗಿದ್ದ ಸಂಪರ್ಕಕ್ಕೆ ಅಪಾಯವನ್ನು ಒಡ್ಡುವುದು ಅದರ ಉದ್ದೇಶಗಳಲ್ಲೊಂದು. ನೆಪೋಲಿಯನ್ ೧೭೯೯ರ ಜನವರಿಯಲ್ಲಿ ಕೈರೋವಿನಿಂದ ಟಿಪ್ಪು ಸುಲ್ತಾನನಿಗೆ ಬರೆದ ಪತ್ರವು ಬ್ರಿಟಿಷರ ಕೈಗೆ ಸಿಕ್ಕಿತು. ಅದೇ ವರ್ಷ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದು ಟಿಪ್ಪು ಮಡಿದನು. ಎರಡು ತಿಂಗಳ ಮೇಲೆ ಶಿಲೆಯು ದೊರಕಿತು. ೧೮೦೧ರಲ್ಲಿ ಫ್ರೆಂಚರು ಸೋತಾಗ ಅದು ಬ್ರಿಟಿಷರ ವಶವಾಯಿತು. ಈ ಸಂಗತಿಯನ್ನು ಸಾರುವ ಇಂಗ್ಲಿಷ್ ಬರಹವು ಶಿಲೆಯ ಪಕ್ಕದ ಅಂಚಿನ ಮೇಲೆಯೇ ಇದೆ. ಮುಂಭಾಗವನ್ನು ಮಾತ್ರ ತೋರಿಸುವ ಚಿತ್ರದಲ್ಲಿ ಆ ಬರಹವು ಕಾಣಿಸುವುದೇ ಇಲ್ಲ! ಚಿತ್ರವು ಎಷ್ಟೇ ಸ್ಪಷ್ಟವಾಗಿದ್ದರೂ ಮರೆಯಾಗಿರುವ ಆ ಅಂಚು ಕಾಣುವುದಿಲ್ಲ. ಪ್ರಶ್ನೆಯಿಂದ ಮಾತ್ರ ಅದು ಕಾಣುತ್ತದೆ.

ಹೀಗೆ ಎರಡು ಪ್ರಶ್ನೆಗಳ ಮೂಲಕ ಪ್ರಾಚೀನ ಈಜಿಪ್ಟು, ಫ್ರಾನ್ಸಿನ ಕ್ರಾಂತಿಯುಗ, ಮೈಸೂರಿನ ನಾಲ್ಕನೆಯ ಯುದ್ಧ ಇವು ಒಂದೇ ಪಾಠದಲ್ಲಿ ಸೇರುತ್ತವೆ. ಶ್ರೀರಂಗಪಟ್ಟಣದ ಲೂಟಿಯಲ್ಲಿ ಸಾಗಿಹೋದ ಟಿಪ್ಪುವಿನ ಮರದ ಹುಲಿಯೂ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಎರಡು ಚಿತ್ರಗಳನ್ನೂ ಅಕ್ಕಪಕ್ಕದಲ್ಲಿ ಇಟ್ಟರೆ, ಪ್ರಪಂಚದ ಚರಿತ್ರೆಯು ಪರರ ಚರಿತ್ರೆಯಲ್ಲವೆಂಬುದನ್ನು ಮಕ್ಕಳಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಶಿಲೆಯನ್ನು ಹಿಂದಿರುಗಿಸಬೇಕೆಂಬ ಬೇಡಿಕೆಯು ಈಜಿಪ್ಟಿನಿಂದ ಬಂದಿರುವುದನ್ನು ತಿಳಿಸಿ, ಪರ-ವಿರೋಧ ವಾದಗಳನ್ನು ಮಕ್ಕಳಿಂದಲೇ ಹೇಳಿಸಬಹುದು.

ಭೂಪಟದ ವಿಷಯದಲ್ಲಿಯೂ ಇಂಥ ಪರೀಕ್ಷೆ ಅವಶ್ಯಕ. ಮರ್ಕೇಟರನು ೧೫೬೯ರಲ್ಲಿ ರಚಿಸಿದ ಭೂಪಟವು ನಾವಿಕರಿಗೆ ದಿಕ್ಕನ್ನು ತಿಳಿಸುವುದಕ್ಕಾಗಿ ಹುಟ್ಟಿದುದು. ಅದರಲ್ಲಿ ಗ್ರೀನ್‌ಲೆಂಡ್ ಆಫ್ರಿಕದಷ್ಟೇ ದೊಡ್ಡದಾಗಿ ತೋರುತ್ತದೆ. ವಾಸ್ತವವಾಗಿ ಆಫ್ರಿಕವು ಅದರ ಸುಮಾರು ೧೪ರಷ್ಟು ದೊಡ್ಡದು. ಜೇಮ್ಸ್ ಗಾಲ್ ೧೮೫೫ರಲ್ಲಿ ಮಂಡಿಸಿ, ಆರ್ನೊ ಪೀಟರ್ಸ್ ೧೯೭೩ರಲ್ಲಿ ಪ್ರಚಾರಕ್ಕೆ ತಂದ ಭೂಪಟದಲ್ಲಿ ವಿಸ್ತೀರ್ಣವು ಸರಿಯಾಗಿದ್ದರೂ ಖಂಡಗಳ ಆಕಾರವು ಕೆಡುತ್ತದೆ. ಗೋಳವನ್ನು ಹಾಳೆಯ ಮೇಲೆ ಇಳಿಸುವಾಗ ಏನಾದರೊಂದನ್ನು ಬಿಟ್ಟುಕೊಡಲೇಬೇಕು. ಎರಡು ಪಟಗಳನ್ನೂ ಗೋಳವನ್ನೂ ಮುಂದಿಟ್ಟು, ಯಾರು ಯಾವ ಕೆಲಸಕ್ಕಾಗಿ ಏನನ್ನು ಬಿಟ್ಟುಕೊಟ್ಟರೆಂದು ಕೇಳಿದರೆ ಏಳನೆಯ ತರಗತಿಯ ಮಗುವೂ ವಿಚಾರಮಾಡಬಲ್ಲುದು.

ಯಂತ್ರವಿಲ್ಲದೆಯೂ ಪ್ರಪಂಚ ಚರಿತ್ರೆಯನ್ನು ಬೋಧಿಸಬಹುದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಪ್ರಸಿದ್ಧವಾದ ಉದಾಹರಣೆಯಿದೆ. ಜವಾಹರಲಾಲ್ ನೆಹರೂ ಅವರು ೧೯೩೦ರ ಅಕ್ಟೋಬರಿನಿಂದ ೧೯೩೩ರ ಆಗಸ್ಟಿನವರೆಗೆ, ಬಹುಪಾಲು ಸೆರೆಮನೆಯಿಂದ, ಮಗಳು ಇಂದಿರಾಗೆ ಬರೆದ ಪತ್ರಗಳೇ ಅವರ ಪ್ರಪಂಚ ಚರಿತ್ರೆಯ ಗ್ರಂಥವಾದವು. ಮೊದಲ ಪತ್ರದ ಕಾಲಕ್ಕೆ ಇಂದಿರಾಗೆ ಹದಿಮೂರು ವರ್ಷ. ನಾವು ಇಲ್ಲಿ ಚರ್ಚಿಸುತ್ತಿರುವ ವಯಸ್ಸೇ ಅದು. ಒಂದೇ ಕಾಲದಲ್ಲಿ ಏಷ್ಯದಲ್ಲಿಯೂ ಯೂರೋಪಿನಲ್ಲಿಯೂ ಏನು ನಡೆಯುತ್ತಿತ್ತೆಂದು ಹೋಲಿಸುತ್ತ ಹೋಗುವುದೇ ಆ ಪತ್ರಗಳ ಬಲ. ಮುಂದಿನ ಆವೃತ್ತಿಗೆ ಹೊರಾಬಿನ್ ಎಂಬ ಚಿತ್ರಕಾರನ ಸರಳವಾದ ರೇಖಾಪಟಗಳು ಸೇರಿದವು. ಮೊದಲು ಸಂಬಂಧದ ನಿರೂಪಣೆ, ಅನಂತರ ಅದಕ್ಕೆ ಬೇಕಾದ ಚಿತ್ರ ಎಂಬ ಈ ಅನುಕ್ರಮವು ನಮ್ಮ ತರಗತಿಗಳಿಗೂ ಅನುಸರಣೀಯ.

ಮೇಲಿನ ವಿವೇಚನೆಯಿಂದ ಮೂರು ಸೂಚನೆಗಳು ಹೊರಡುತ್ತವೆ. ಮೊದಲನೆಯದಾಗಿ, ಪ್ರತಿ ಪಾಠದಲ್ಲೂ ಚಿತ್ರಗಳ ಸಂಖ್ಯೆಯನ್ನು ಮಿತಗೊಳಿಸಿ, ಒಂದೆರಡನ್ನೇ ಸಾವಕಾಶವಾಗಿ ಪರೀಕ್ಷಿಸಬೇಕು. ಎರಡನೆಯದಾಗಿ, ಪ್ರತಿಯೊಂದು ಚಿತ್ರದ ವಿಷಯದಲ್ಲೂ ಯಾರು ಮಾಡಿದರು, ಯಾವಾಗ, ಯಾರಿಗಾಗಿ, ಏನನ್ನು ಬಿಟ್ಟರು ಎಂಬ ನಾಲ್ಕು ಪ್ರಶ್ನೆಗಳನ್ನು ಮಕ್ಕಳಿಗೆ ರೂಢಿ ಮಾಡಿಸಬೇಕು. ಮೂರನೆಯದಾಗಿ, ಪರದೆಯನ್ನು ಆರಿಸಿದ ಮೇಲೆ ಮಕ್ಕಳು ತಮ್ಮ ಕೈಯಿಂದಲೇ ಕಾಲರೇಖೆಯನ್ನೋ ಭೂಪಟವನ್ನೋ ಬರೆಯಬೇಕು; ಕಂಡದ್ದು ಕ್ರಮಕ್ಕೆ ಬರುವುದು ಆಗಲೇ. ಇವುಗಳಿಗೆ ಹೆಚ್ಚಿನ ವೆಚ್ಚವಿಲ್ಲ. ಯಂತ್ರವಿರುವ ಶಾಲೆಯಲ್ಲಿಯೂ ಕರಿಹಲಗೆ ಮಾತ್ರವಿರುವ ಶಾಲೆಯಲ್ಲಿಯೂ ಇವು ಸಾಧ್ಯ.

ಗಣಕಯಂತ್ರವು ಇಂದು ಎಂದೂ ಇಲ್ಲದಿದ್ದ ದೃಶ್ಯಗಳನ್ನೂ ಛಾಯಾಚಿತ್ರದಷ್ಟೇ ಸಹಜವಾಗಿ ರಚಿಸಿಕೊಡಬಲ್ಲುದು. ಮ್ಯಾಕಿಂಡರನ ಚಿತ್ರಗಳ ಹಿಂದೆ ಪಕ್ಷಪಾತವಿದ್ದರೂ ಕ್ಯಾಮೆರಾದ ಮುಂದೆ ಒಂದು ವಾಸ್ತವ ವಸ್ತುವಿತ್ತು. ಈ ಹೊಸ ಚಿತ್ರಗಳ ಹಿಂದೆ ಅದೂ ಇರಬೇಕಾಗಿಲ್ಲ. ಮಾಧ್ಯಮಿಕ ಶಾಲೆಯನ್ನು ಬಿಟ್ಟ ಮೇಲೆ ಚರಿತ್ರೆಯನ್ನು ಮತ್ತೆ ಓದದವರು ಎಷ್ಟೋ ಮಂದಿ. ಅವರು ಮುಂದೆ ಜೀವಮಾನವಿಡೀ ನೋಡಲಿರುವ ಚಿತ್ರಗಳನ್ನು ಪ್ರಮಾಣವಿಲ್ಲದೆ ನಂಬದಿರುವ ಅಭ್ಯಾಸವನ್ನು ಈ ಮೂರು ವರ್ಷಗಳಲ್ಲಿಯೇ ಪಡೆಯಬೇಕು. ಆ ಅಭ್ಯಾಸವನ್ನು ಮಾಡಿಸುವ ಉಪಾಧ್ಯಾಯರು ತಯಾರಾಗುವುದು ನಮ್ಮ ಕಾಲೇಜುಗಳಲ್ಲಿ. ಆದಕಾರಣ ಚಿತ್ರಗಳನ್ನು ಶಾಸನಗಳಂತೆ, ಕಡತಗಳಂತೆ ಪರೀಕ್ಷಿಸುವ ಶಿಕ್ಷಣವನ್ನು ಪದವಿ ತರಗತಿಗಳ ಇತಿಹಾಸದ ಪಠ್ಯಕ್ರಮದಲ್ಲಿಯೇ ಸೇರಿಸುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.