ಟಪಾಲಿನ ವ್ಹಿ.ಪಿ.ಯಿಂದ ಮೊಬೈಲಿನ ಖರೀದಿ ತನಕ

ವ್ಯಾಪಾರದಾಗ ಮೂರು ಮಾತು ಇರ್ತಾವ. ಸಾಮಾನು ಹ್ಯಾಂಗದ, ಮಾರಾಂವ ಯಾರು, ರೊಕ್ಕ ಯಾವಾಗ ಕೊಡಬೇಕು. ಸಂತಿಯೊಳಗ ಈ ಮೂರೂ ಕಣ್ಣೆದುರಿಗೇ ಮುಗೀತಾವ. ಜ್ವಾಳ ಮುಷ್ಟಿಯೊಳಗ ಹಿಡಿದು ನೋಡಿ, ಆಮ್ಯಾಲ ಕಿಸೆಕ್ಕ ಕೈ ಹಾಕ್ತೀವಿ. ದೂರದಿಂದ ಸಾಮಾನು ತರಿಸಬೇಕಂದ್ರ ನಡುವ ಒಬ್ಬರು ಬೇಕು. ಆನ್‌ಲೈನ್ ಖರೀದಿ ತಿಳೀಬೇಕಾದ್ರ ಈ ನಡುವಿನವರ ಚರಿತ್ರೆ ತಿಳೀಬೇಕು.

1956ರ ತನಕ ಉದಗೀರ, ನಿಲಂಗಾ ಹೈದರಾಬಾದ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ಉಮರ್ಗಾ ಉಸ್ಮಾನಾಬಾದ ಜಿಲ್ಲೆಯಲ್ಲಿತ್ತು. ನಿಜಾಮರ ಕಾಲಕ್ಕ ಟಪಾಲೂ ಬ್ಯಾರೆ, ರೊಕ್ಕವೂ ಬ್ಯಾರೆ. ನಮ್ಮದು ಹಾಲಿ ಸಿಕ್ಕಾ, ಸೊಲ್ಲಾಪುರದಾಗ ನಡಿಯೂದು ಇಂಗ್ರೇಜರ ಕಲದಾರ. ಸುಮಾರು 7 ಹಾಲಿಗೆ 6 ಕಲದಾರ. ಗಡಿ ದಾಟಿದ ವ್ಯಾಪಾರಕ್ಕೆ ರೊಕ್ಕ ಬದಲಿ ಮಾಡಿ ಕೊಡುವವರೇ ನಡುವಿನವರು.

ಇಂಗ್ರೇಜರ ಟಪಾಲ ಇಲಾಖೆ 1877ರಲ್ಲಿ ವ್ಹಿ.ಪಿ., 1880ರಲ್ಲಿ ಮನಿ ಆರ್ಡರ್ ಸುರು ಮಾಡಿತು. ವ್ಹಿ.ಪಿ. ಪಾರ್ಸಲ್ ಬಾಗಿಲಿಗೆ ಬಂದರ ಟಪಾಲಿನವನ ಕೈಯಾಗ ರೊಕ್ಕ ಕೊಡಬೇಕು. ಆ ರೊಕ್ಕ ಮಾರಿದವರಿಗೆ ಮುಟ್ಟತದ. ಬ್ಯಾಡಂದ್ರ ಪಾರ್ಸಲ್ ವಾಪಸ್. ಒಂದೇ ಕೊರತಿ: ರೊಕ್ಕ ಕೊಟ್ಟ ಮ್ಯಾಲೇ ಬಿಚ್ಚಬೇಕು. ಒಳಗ ಪುಸ್ತಕ ಅದನೋ ರದ್ದಿ ಅದನೋ, ಆಮ್ಯಾಲ ತಿಳೀತದ.

1972ರ ಆಗಸ್ಟ್ 15ಕ್ಕ ಪಿನ್ ಕೋಡ್ ಬಂತು. ಉದಗೀರ 413517, ನಿಲಂಗಾ 413521, ಉಮರ್ಗಾ 413606. ಗಡಿಯಾಚೆ ಬಸವಕಲ್ಯಾಣ 585327. ಎರಡೂ ಕಡೆ ಕನ್ನಡದ ಮನಿಗಳಿದ್ದರೂ ಅಂಕಿ ಬ್ಯಾರೆ. ಕಾಗದ ಹಂಚಲಿಕ್ಕೆ ಮಾಡಿದ ಈ ಅಂಕಿಯನ್ನೇ ಇಂದು ಆನ್‌ಲೈನ್ ಕಂಪನಿಯವರು ಕೇಳ್ತಾರ.

2007ರಲ್ಲಿ ಬೆಂಗಳೂರಿನಾಗ ಫ್ಲಿಪ್‌ಕಾರ್ಟ್ ಪುಸ್ತಕ ಮಾರುತ್ತ ಸುರುವಾಯಿತು. ಬಹಳ ಮಂದಿ ಕಡೆ ಕಾರ್ಡೂ ಇದ್ದಿಲ್ಲ, ಕಾಣದವರಿಗೆ ಮೊದಲೇ ರೊಕ್ಕ ಕೊಡುವ ಧೈರ್ಯವೂ ಇದ್ದಿಲ್ಲ. 2010ರಲ್ಲಿ ‘ಸಾಮಾನು ಬಂದ ಮ್ಯಾಲೆ ರೊಕ್ಕ’ ಎಂಬ ಪದ್ಧತಿ ತಂದರು. ನಮ್ಮ ಹಳೇ ವ್ಹಿ.ಪಿ.ಯೇ ಹೊಸ ಅಂಗಿ ಹಾಕ್ಕೊಂಡು ಬಂತು. 2016ರಲ್ಲಿ ಯು.ಪಿ.ಐ. ಬಂದು ರೊಕ್ಕ ಮೊಬೈಲಿನಿಂದಲೇ ಹೋಗತೊಡಗಿತು.

ಒಳಗಿನ ವ್ಯವಹಾರ ತಿಳಿಯಲಿಕ್ಕೆ ಉದಗೀರದ ಮೊಂಢಾ ನೆನಸ್ರಿ. ತೊಗರಿ ರೈತಂದು, ಅಡತಿಯವ ನಡುವ ನಿಂತು ಮಾರಿಸಿ ಕಮಿಷನ್ ತಗೋತಾನ. ಆನ್‌ಲೈನಿನಾಗೂ ಬಹಳ ಸಲ ಮಾರಾಂವ ಬ್ಯಾರೆ, ಕಂಪನಿ ಅಡತಿ ಅಷ್ಟೇ. ಭಜನಿಗೆ ಒಂದು ಜೋಡಿ ತಾಳ ತರಿಸ್ತೀವಂತ ತಿಳ್ಕೊಳ್ರಿ. ಚಿತ್ರ ನೋಡಿ ಮರುಳಾಗಬಾರದು. ಮಾರಾಂವನ ಹೆಸರು, ವಾಪಸ್ ಮಾಡುವ ದಿನ ಎಷ್ಟು, ಇವೆರಡು ಮೊದಲು ಓದಬೇಕು. ವಾಪಸ್ ಮಾಡುವ ಸವಲತ್ತು ವ್ಹಿ.ಪಿ.ಯ ಕೊರತಿ ಬಹಳಷ್ಟು ತುಂಬತದ. 2020ರ ಇ-ಕಾಮರ್ಸ್ ನಿಯಮದಂತೆ ದೂರು ಬಂದದ್ದನ್ನು ಕಂಪನಿ 48 ತಾಸಿನೊಳಗ ಒಪ್ಪಿಕೊಳ್ಳಬೇಕು, ತಿಂಗಳೊಳಗ ಬಗೆಹರಿಸಬೇಕು. ಆಗದಿದ್ದರ ಗ್ರಾಹಕರ ಸಹಾಯವಾಣಿ 1915 ಅದ.

ಈ ನಡುವಿನವರ ವೇಷ ಹಾಕ್ಕೊಂಡು ಕಳ್ಳರೂ ಬಂದಾರ. “ರೊಕ್ಕ ವಾಪಸ್ ಹಾಕ್ತೀವಿ, ಪಿನ್ ಒತ್ತರಿ” ಅಂತ ಫೋನ್ ಮಾಡ್ತಾರ. ಯು.ಪಿ.ಐ.ದಾಗ ರೊಕ್ಕ ಕಳಿಸಲಿಕ್ಕೆ ಪಿನ್ ಬೇಕು, ಬರಲಿಕ್ಕೆ ಬೇಕಿಲ್ಲ. ಮೋಸವಾದರ ಲಗೂನ 1930ಕ್ಕ ಫೋನ್ ಹಚ್ಚಬೇಕು. ತಡಮಾಡಿದಷ್ಟು ರೊಕ್ಕ ಕೈ ಬದಲಾಗ್ತದ.

ಎರಡಕ್ಕೂ ಪಿನ್ ಎಂದೇ ಹೆಸರು. ಊರಿನ ಪಿನ್ ಕೇಳಿದವರಿಗೆಲ್ಲ ಹೇಳ್ರಿ. ರೊಕ್ಕದ ಪಿನ್ ಯಾರಿಗೂ ಹೇಳಬ್ಯಾಡ್ರಿ.