ಹಳೆ ಜೀಪು ಮತ್ತು ಚಾಲಕನ ಬಲಗಾಲು

ಹಳೆಯ ಜೀಪನ್ನು ಘಾಟಿ ದಾರಿಯಲ್ಲಿ ದಿನವಿಡೀ ಓಡಿಸಿದವರನ್ನು ಸಂಜೆ ಮಾತಾಡಿಸಿ. ಬಲ ಮೊಣಕಾಲು, ತೊಡೆ, ಸೊಂಟ ಹಿಡಿದುಕೊಂಡಿದೆ ಎನ್ನುವವರು ಹಲವರು ಸಿಗುತ್ತಾರೆ. ರಸ್ತೆ ಸರಿಯಿಲ್ಲ ಎಂದು ನಾವು ಅಷ್ಟಕ್ಕೇ ಮಾತು ಮುಗಿಸುತ್ತೇವೆ. ಆದರೆ ರಸ್ತೆಯ ಜೊತೆಗೆ ಇನ್ನೊಂದು ಕಾರಣವೂ ಇದೆ. ಅದು ಆಕ್ಸಿಲೇಟರ್ ಪೆಡಲ್ ಇರುವ ಜಾಗ. ಆ ಪೆಡಲ್ ಅಲ್ಲಿಗೆ ಹೇಗೆ ಬಂತು ಎಂಬುದಕ್ಕೆ ಒಂದು ಇತಿಹಾಸವಿದೆ.

ಮೊದಮೊದಲು ವೇಗ ಕಾಲಿನ ಕೆಲಸವೇ ಆಗಿರಲಿಲ್ಲ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಮೂರು ಪೆಡಲ್ ಇದ್ದವು. ಒಂದು ಗೇರಿಗೆ, ಒಂದು ರಿವರ್ಸಿಗೆ, ಒಂದು ಬ್ರೇಕಿಗೆ. ವೇಗ ಹೆಚ್ಚಿಸುವ ಸನ್ನೆ ಇದ್ದದ್ದು ಸ್ಟೇರಿಂಗ್ ಕೆಳಗೆ, ಕೈಗೆ ಸಿಗುವಂತೆ. ನಮ್ಮ ಟ್ರ್ಯಾಕ್ಟರುಗಳಲ್ಲಿ ಇಂದಿಗೂ ಎರಡೂ ಇವೆ: ಉಳುವಾಗ ಕೈ ಆಕ್ಸಿಲೇಟರ್, ರಸ್ತೆಗೆ ಬಂದರೆ ಕಾಲಿನದು. ಹೊಲದ ಉಬ್ಬುತಗ್ಗಿನಲ್ಲಿ ಕಾಲು ಒಂದೇ ಸಮನೆ ನಿಲ್ಲುವುದಿಲ್ಲ ಎಂದು ಪ್ರತಿ ರೈತನಿಗೂ ಗೊತ್ತು.

ಜೀಪು ಹುಟ್ಟಿದ್ದು ಅವಸರದಲ್ಲಿ. 1940ರಲ್ಲಿ ಅಮೆರಿಕದ ಸೇನೆಗೆ ಹಗುರವಾದ, ಗಿಡ್ಡನೆಯ, ನಾಲ್ಕೂ ಚಕ್ರ ಎಳೆಯುವ ಗಾಡಿ ಬೇಕಾಗಿತ್ತು. ಮೊದಲ ಮಾದರಿಗೆ ಕೊಟ್ಟ ಗಡುವು 49 ದಿನ. ಬ್ಯಾಂಟಮ್ ಎಂಬ ಸಣ್ಣ ಕಂಪನಿಗಾಗಿ ಕಾರ್ಲ್ ಪ್ರೋಬ್‌ಸ್ಟ್ ನಕ್ಷೆ ಬರೆದರು. ಸೆಪ್ಟೆಂಬರ್ 23ರಂದು ಗಾಡಿ ಸೇನೆಯ ಕೈ ಸೇರಿತು. ಮುಂದೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಯುದ್ಧಕಾಲದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜೀಪು ಕಟ್ಟಿದವು.

ವಿಲ್ಲಿಸ್ ಜೀಪಿನ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ ಇದ್ದದ್ದು 80 ಇಂಚು ಮಾತ್ರ. ಅಷ್ಟರೊಳಗೆ ಎಂಜಿನ್, ಗೇರ್‌ಬಾಕ್ಸ್, ಮುಂದಿನ ಚಕ್ರಗಳಿಗೂ ಶಕ್ತಿ ಹಂಚುವ ಇನ್ನೊಂದು ಪೆಟ್ಟಿಗೆ, ಇವೆಲ್ಲ ಕೂರಬೇಕಿತ್ತು. ಪೆಟ್ರೋಲ್ ಟ್ಯಾಂಕಿಗೆ ಜಾಗ ಸಿಕ್ಕಿದ್ದು ಚಾಲಕನ ಸೀಟಿನ ಅಡಿಯಲ್ಲಿ. ಹಾಗಾಗಿ ಸೀಟನ್ನು ಕೆಳಗಿಳಿಸುವಂತಿಲ್ಲ, ಹಿಂದಕ್ಕೆ ಸರಿಸುವಂತೆಯೂ ಇಲ್ಲ. ಮೊದಲು ಯಂತ್ರ ಕೂತಿತು, ಉಳಿದ ಜಾಗದಲ್ಲಿ ಮನುಷ್ಯನ ಕಾಲು. ಎತ್ತರದ ಆಳಿನ ಮೊಣಕಾಲು ಸ್ಟೇರಿಂಗಿಗೆ ತಾಗಿದರೆ ಅದು ಅವನ ಹಣೆಬರಹ.

ಆದರೂ ಕಟ್ಟಿದವರು ಕಾಲನ್ನು ಪೂರ್ತಿ ಮರೆತಿರಲಿಲ್ಲ. ಆಕ್ಸಿಲೇಟರಿನ ಬಲಕ್ಕೆ ಪಾದ ಆನಿಸಲು ಪುಟ್ಟದೊಂದು ಆಧಾರ ಕೊಟ್ಟರು. ಡ್ಯಾಶ್‌ಬೋರ್ಡಿನಲ್ಲಿ ಎಳೆಯುವ ಗುಂಡಿಯೊಂದನ್ನಿಟ್ಟರು. ಅದು ಕೈ ಆಕ್ಸಿಲೇಟರ್. ಕಾರಿನ ಕಾಲು, ಟ್ರ್ಯಾಕ್ಟರಿನ ಕೈ ಎರಡೂ ಒಂದೇ ಗಾಡಿಯಲ್ಲಿ ಸೇರಿದವು.

ಇದೆಲ್ಲ ಏಕೆ ಬೇಕಿತ್ತು? ಹಿಮ್ಮಡಿ ನೆಲದ ಮೇಲೆ ಊರಿದ್ದರೆ ಕಾಲಿನ ಭಾರವನ್ನು ನೆಲವೇ ಹೊರುತ್ತದೆ. ಪೆಡಲ್ ಒತ್ತುವುದು ಕಣಕಾಲಿನ ಕೆಲಸವಷ್ಟೇ. ಪೆಡಲ್ ಎತ್ತರದಲ್ಲಿದ್ದರೆ ಹಿಮ್ಮಡಿ ಮೇಲೇಳುತ್ತದೆ. ಆಗ ಇಡೀ ಕಾಲನ್ನು ತೊಡೆ, ಸೊಂಟಗಳೇ ಗಂಟೆಗಟ್ಟಲೆ ಎತ್ತಿ ಹಿಡಿದಿರಬೇಕು. ಇನ್ನು ಗಾಡಿ ಗುಂಡಿಗೆ ಇಳಿದಾಗ ಮೈ ಮುಂದಕ್ಕೆ ಬಂದು ಕಾಲು ಪೆಡಲನ್ನು ಒತ್ತುತ್ತದೆ, ಜೀಪು ನೆಗೆಯುತ್ತದೆ. ನೆಗೆದಾಗ ಮೈ ಹಿಂದಕ್ಕೆ ಹೋಗಿ ಕಾಲು ಸಡಿಲಾಗುತ್ತದೆ, ಎಂಜಿನ್ ಹಿಡಿದೆಳೆಯುತ್ತದೆ, ಮೈ ಮತ್ತೆ ಮುಂದಕ್ಕೆ. ಮೊದಲ ಗೇರಿನಲ್ಲಿ ಈ ಜಗ್ಗಾಟ ಇನ್ನೂ ಜೋರು. ಹಿಂದೆ ಕೂತವರು ಚಾಲಕನನ್ನು ಬೈಯುತ್ತಾರೆ. ತಪ್ಪು ಅವನದಲ್ಲ, ಅವನ ಪಾದಕ್ಕೆ ಆಧಾರವಿಲ್ಲ.

ಯುದ್ಧ ಮುಗಿದ ಮೇಲೆ 1945ರಲ್ಲಿ ವಿಲ್ಲಿಸ್ ಕಂಪನಿ ರೈತರಿಗೆಂದೇ ಸಿಜೆ-2ಎ ಜೀಪನ್ನು ಮಾರುಕಟ್ಟೆಗೆ ತಂದಿತು. ಇಂಗ್ಲೆಂಡಿನ ರೋವರ್ ಕಂಪನಿ 1947ರಲ್ಲಿ ಕಟ್ಟಿದ ಮೊದಲ ಲ್ಯಾಂಡ್ ರೋವರ್ ಮಾದರಿಯಲ್ಲಿ ಸ್ಟೇರಿಂಗ್ ನಟ್ಟನಡುವೆ ಇತ್ತು. ಎಡಗಡೆ ಓಡಿಸುವ ದೇಶಕ್ಕೂ ಬಲಗಡೆ ಓಡಿಸುವ ದೇಶಕ್ಕೂ ಒಂದೇ ಗಾಡಿ ಸಾಕು ಎಂಬ ಲೆಕ್ಕ. ಆ ಲೆಕ್ಕ ನಡೆಯಲಿಲ್ಲ. 1948ರಲ್ಲಿ ಮಾರಾಟಕ್ಕೆ ಬಂದ ಗಾಡಿಯ ಸ್ಟೇರಿಂಗ್ ಪಕ್ಕಕ್ಕೆ ಸರಿದಿತ್ತು.

ನಮ್ಮಲ್ಲಿ ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಅಮೆರಿಕದ ಗಾಡಿಯಲ್ಲಿ ಚಾಲಕ ಎಡಕ್ಕೆ ಕೂರುತ್ತಿದ್ದ. ಅವನ ಬಲಗಾಲಿನ ಪಕ್ಕದಲ್ಲೇ ಗೇರ್‌ಬಾಕ್ಸಿನ ಉಬ್ಬು. ನಮ್ಮ ರಸ್ತೆಗೆ ತಕ್ಕಂತೆ ಸ್ಟೇರಿಂಗ್ ಬಲಕ್ಕೆ ಬಂತು, ಆದರೆ ಪೆಡಲುಗಳ ಸಾಲು ಅದಲುಬದಲಾಗಲಿಲ್ಲ: ಕ್ಲಚ್, ಬ್ರೇಕ್, ಆಕ್ಸಿಲೇಟರ್. ಹಾಗಾಗಿ ಆ ಉಬ್ಬು ಕ್ಲಚ್ ಒತ್ತುವ ಎಡಗಾಲಿನ ಕಡೆಗೆ ಬಂತು, ಬಲಗಾಲು ಬಾಗಿಲಿನ ಅಂಚಿಗೆ ಹೋಯಿತು. ಬಾಗಿಲೇ ಇಲ್ಲದ ಜೀಪಿನಲ್ಲಿ ಮಲೆನಾಡಿನ ಮಳೆ ಮೊದಲು ನೆನೆಸುವುದು ಆ ಕಾಲನ್ನೇ. ಕೊಡಚಾದ್ರಿಗೆ, ಮಾಂದಲ್‌ಪಟ್ಟಿಗೆ ಜನರನ್ನು ಹತ್ತಿಸಿದ್ದು ಅಂಥ ಕಾಲುಗಳೇ.

ಪೆಡಲಿಗೂ ಎಂಜಿನ್ನಿಗೂ ನಡುವೆ ಆಗ ಕಬ್ಬಿಣದ ಸರಳುಗಳಿದ್ದವು. ಎಂಜಿನ್ ರಬ್ಬರ್ ಬುಡದ ಮೇಲೆ ಅಲುಗಾಡಿದರೆ ಸರಳೂ ಎಳೆಯುತ್ತಿತ್ತು, ಕಾಲು ಕದಲದಿದ್ದರೂ ವೇಗ ಏರಿಳಿಯುತ್ತಿತ್ತು. ಬಾಗುವ ಕೇಬಲ್ ಬಂದ ಮೇಲೆ ಆ ಕಾಟ ಕಡಿಮೆಯಾಯಿತು. ಈಗಿನ ಗಾಡಿಗಳಲ್ಲಿ ಪೆಡಲಿನಿಂದ ಹೋಗುವುದು ವಿದ್ಯುತ್ ಸಂಕೇತ. ಸಣ್ಣ ಕುಲುಕಾಟವನ್ನು ಕಂಪ್ಯೂಟರ್ ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಮಾಡಬಹುದು.

ಹಳೆ ಜೀಪು ಇನ್ನೂ ದುಡಿಯುತ್ತಿರುವ ಮನೆಗಳಿಗೆ ನಮ್ಮದೊಂದು ಮಾತು. ಎಂಜಿನ್ ನಿಲ್ಲಿಸಿ, ಸೀಟಿನಲ್ಲಿ ಕೂತು ಪೆಡಲ್ ಒತ್ತಿ ನೋಡಿ. ಹಿಮ್ಮಡಿ ನೆಲ ಬಿಟ್ಟು ಏಳುತ್ತಿದ್ದರೆ ಪಾದಕ್ಕೊಂದು ಆಧಾರ ಬೇಕು. ಅದನ್ನು ಬೋಲ್ಟ್ ಹಾಕಿ ಬಿಗಿಸಬೇಕು. ಸಡಿಲವಾದ ಹಲಗೆ, ಇಟ್ಟಿಗೆ, ದಪ್ಪ ಚಾಪೆ ಬೇಡ, ಜಾರಿ ಬ್ರೇಕಿನಡಿ ಸಿಕ್ಕಿದರೆ ಜೀವಕ್ಕೇ ಸಂಚಕಾರ. ಪೆಡಲ್ ಬಿಟ್ಟೊಡನೆ ಸ್ಪ್ರಿಂಗ್ ಅದನ್ನು ಪೂರ್ತಿ ಮೇಲೆತ್ತಬೇಕು. ಕೈ ಆಕ್ಸಿಲೇಟರ್ ಇದ್ದರೆ ಇಳಿಜಾರಿಗೆ ಮೊದಲೇ ಒಳಗೆ ತಳ್ಳಿರಬೇಕು.

ಜೀಪು ಕಟ್ಟಿದವರು 1940ರ ದಶಕದಲ್ಲೇ ಪಾದಕ್ಕೊಂದು ಆಧಾರ ಕೊಟ್ಟಿದ್ದರು. ನಿಮ್ಮ ಗಾಡಿಯಲ್ಲಿ ಅದು ಬಿದ್ದುಹೋಗಿದ್ದರೆ ಗ್ಯಾರೇಜಿನಲ್ಲಿ ಕೇಳಿ ಹಾಕಿಸಿ. ದಿನಾ ಗಾಡಿ ಹತ್ತುವವರ ಮೊಣಕಾಲಿಗೆ ಅಷ್ಟಾದರೂ ಸಲ್ಲಬೇಕು.